ಟ್ಯಾಬ್ ಕೊಟ್ರೆ ಮಗು ಬಾಯಿಬಿಟ್ಟು ಮಾತಾಡೋದೇ ಇಲ್ವಾ? ಮನೆಯಲ್ಲಿ ಎರಡು ಪಕ್ಷ ಆಗಿದೆ

ಹಿತ್ತಲಬಾಗಿಲು · ಸೋಮವಾರ, ರಾತ್ರಿ 11:48

ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ. ಇವತ್ತು ಕೇಳಲೇಬೇಕು ಅನ್ನಿಸ್ತು.

ಮಗನಿಗೆ ಏಳು ವರ್ಷ. ಆಟಿಸಂ ಅಂತ ಗೊತ್ತಾಗಿದ್ದು ಮೂರು ತುಂಬೋಕೆ ಮುಂಚೆ. ಮಾತು ಬಂದಿಲ್ಲ. ಸದ್ದಿದೆ. ಖುಷಿಯಾದ್ರೆ "ಡಿಗಡಿಗಡಿಗ" ಅಂತ ಮನೆಯ ಈ ತುದಿಯಿಂದ ಆ ತುದಿಗೆ ಓಡ್ತಾನೆ. ಏನಾದ್ರೂ ಬೇಕಂದ್ರೆ ನನ್ನ ಮಣಿಕಟ್ಟು ಹಿಡಿದು ಎಳ್ಕೊಂಡು ಹೋಗಿ ಬೀರು ಮುಂದೆ ನಿಲ್ಲಿಸ್ತಾನೆ, ನನ್ನ ಕೈಯನ್ನ ಎತ್ತಿ ಬಾಗಿಲ ಮೇಲೆ ಹಾಕ್ತಾನೆ. ಮುಖ ನೋಡಲ್ಲ. ಒಳಗೆ ಹತ್ತು ವಸ್ತು ಇರುತ್ತೆ, ಒಂದೊಂದೇ ತೆಗೆದು ತೋರಿಸ್ತಾ ಹೋಗ್ಬೇಕು. ನಾಲ್ಕನೇದಕ್ಕೆ ಸಿಕ್ಕಿದ್ರೆ ನನ್ನ ಪುಣ್ಯ. ಏಳನೇದಕ್ಕೆ ಅವನ ತಾಳ್ಮೆ ಮುಗಿದು ತನ್ನ ಕೈ ತಾನೇ ಕಚ್ಕೋತಾನೆ. ಎಡಗೈ ಹೆಬ್ಬೆರಳ ಬುಡದಲ್ಲಿ ಚರ್ಮ ಗಂಟುಕಟ್ಟಿಬಿಟ್ಟಿದೆ.

ಸ್ಪೀಚ್ ಥೆರಪಿಸ್ಟ್ ಈಗ, ಟ್ಯಾಬ್‌ನಲ್ಲಿ ಚಿತ್ರ ಒತ್ತಿದ್ರೆ ಅದೇ ಮಾತಾಡುತ್ತಲ್ಲ, ಆ ಥರದ ಆ್ಯಪ್ ಶುರು ಮಾಡೋಣ ಅಂತಿದ್ದಾರೆ. ಅತ್ತೆಗೆ ಸುತರಾಂ ಇಷ್ಟ ಇಲ್ಲ. "ಬಾಯಿರೋ ಮಗು ಕೈಗೆ ಯಂತ್ರ ಕೊಟ್ರೆ ಅದು ಬಾಯಿ ಯಾಕೆ ತೆಗೀತದೆ?" ಅಂತ ಅವರ ವಾದ. ನಮ್ಮೆಜಮಾನ್ರು ಇತ್ತ ಹೂಂ ಅನ್ನಲ್ಲ, ಅತ್ತ ಉಹೂಂ ಅನ್ನಲ್ಲ, ಇನ್ನೊಂದು ವರ್ಷ ನೋಡೋಣ ಅಂತಾರೆ.

ಹೋದ ವಾರ ಮೂರು ದಿನ ತಲೆಯನ್ನ ಗೋಡೆಗೆ ಚಚ್ಕೊಂಡ. ನಾವು ಹಠ ಅಂದ್ಕೊಂಡ್ವಿ. ಎರಡನೇ ದಿನ ನಾನು ಜೋರಾಗಿ ಗದರಿದೆ ಕೂಡ. ನಾಲ್ಕನೇ ದಿನ ಬೆಳಿಗ್ಗೆ ದಿಂಬಿನ ಮೇಲೆ ಕೀವು. ಕಿವಿ ಸೋಂಕು. ಅದಾದ ಮೇಲೆ ನಂಗೆ ಒಂದು ವರ್ಷ ಕಾಯೋ ಧೈರ್ಯ ಇಲ್ಲ. ಆದ್ರೆ ಅತ್ತೆ ಹೇಳೋದೇ ನಿಜ ಆಗಿಬಿಟ್ರೆ?

ಈ ಥರ ಆ್ಯಪ್ ಬಳಸ್ತಿರೋರು ಇದ್ರೆ ಹೇಳಿ, ದಯವಿಟ್ಟು.

ಎರಡು ಜಡೆ · ಮಂಗಳವಾರ, ಬೆಳಿಗ್ಗೆ 6:10

ಮೊದಲು ಕಿವಿ ವಿಷಯ. ಅದನ್ನ ಮನಸ್ಸಲ್ಲಿ ಇಟ್ಕೊಂಡು ಕೊರಗಬೇಡಿ. ನನ್ನ ಮಗಳ ಸೊಂಟದ ನೋವನ್ನ ನಾನು ಎರಡು ತಿಂಗಳು "ಸೋಮಾರಿತನ" ಅಂದಿದ್ದೆ.

ನಮ್ಮದು ಬೇರೆ ಕಥೆ: ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗಲ್ಲ), ಈಗ ಹತ್ತು ವರ್ಷ. ಬುದ್ಧಿ ಚುರುಕು, ಆದ್ರೆ ನಾಲಿಗೆ ತುಟಿ ಅವಳು ಹೇಳಿದ ಹಾಗೆ ಕೇಳಲ್ಲ. ಅವಳ ಮಾತು ನನಗೆ ಮುಕ್ಕಾಲು ಅರ್ಥ ಆಗುತ್ತೆ, ಅವರಪ್ಪನಿಗೆ ಅರ್ಧ, ಹೊರಗಿನವರಿಗೆ ಏನೂ ಇಲ್ಲ. ನಾಲ್ಕನೇ ವರ್ಷಕ್ಕೆ ಟ್ಯಾಬ್ ಕೊಟ್ವಿ. ಮಾತು ನಿಂತಿಲ್ಲ. ಮನೇಲಿ ಬಾಯಲ್ಲೇ ಹೇಳ್ತಾಳೆ, ನಮಗೆ ತಿಳೀಲಿಲ್ಲ ಅಂದ್ರೆ ಕಣ್ಣು ಮೇಲೆ ಮಾಡಿ "ಇವರಿಗೆ ಬುದ್ಧಿ ಇಲ್ಲ" ಅನ್ನೋ ಮುಖ ಮಾಡ್ಕೊಂಡು ಟ್ಯಾಬ್ ಎಳ್ಕೋತಾಳೆ. ಬಾಯಲ್ಲಿ ಹೇಳಿದ್ರೆ ಬೇಗ ಆಗುತ್ತೆ ಅನ್ನೋವಾಗ ಯಾವ ಮಗುವೂ ಹುಡುಕಿ ಹುಡುಕಿ ಒತ್ತಲ್ಲ.

ಒಂದು ನಗು ಬರೋ ವಿಷಯ ಹೇಳ್ತೀನಿ. ಕಾಲಿಗೆ ಹಾಕೋ ಪ್ಲಾಸ್ಟಿಕ್ ಸ್ಪ್ಲಿಂಟ್ ಇದೆಯಲ್ಲ (ಎಎಫ್‌ಒ ಅಂತಾರೆ, ಅದರ ಮೇಲೆ ಶೂ ಹಿಡಿಸೋದೇ ದೊಡ್ಡ ಯುದ್ಧ, ಒಂದು ಕಾಲಿಗೆ ಒಂದು ಸೈಜು ಇನ್ನೊಂದಕ್ಕೆ ಇನ್ನೊಂದು), ಅದು ಒಂದು ದಿನ ಕಾಣೆ. ಮನೆಯೆಲ್ಲ ಜಾಲಾಡಿದ್ವಿ. ಕೇಳಿದ್ರೆ ಟ್ಯಾಬ್‌ನಲ್ಲಿ "ನಾಯಿ", "ತಗೊಂಡು", "ಹೋಯ್ತು". ನಮ್ಮನೇಲಿ ನಾಯಿ ಇಲ್ಲ. ಸೋಫಾ ಹಿಂದೆ ತುರುಕಿದ್ಲು. ಬೈಯ್ಯಬೇಕಿತ್ತು ನಾನು. ಅವಳು ಜೀವನದಲ್ಲಿ ಹೇಳಿದ ಮೊದಲನೇ ಸುಳ್ಳು ಅದು, ಫೋನ್ ಮಾಡಿ ಊರಿಗೆಲ್ಲ ಹೇಳಿದೆ.

ಕಾದುನೋಡಿ · ಮಂಗಳವಾರ, ಬೆಳಿಗ್ಗೆ 9:32

ನಾನು ಸ್ವಲ್ಪ ಬೇರೆ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಮಗನೂ ಆರು ವರ್ಷದ ತನಕ ಮಾತಾಡಿರಲಿಲ್ಲ. ಟ್ಯಾಬೂ ಕೊಡಲಿಲ್ಲ, ಕಾರ್ಡೂ ಕೊಡಲಿಲ್ಲ. ಟಿ.ವಿ. ಬಂದ್ ಮಾಡಿದ್ವಿ, ದಿನಾ ಅವನ ಜೊತೆ ನೆಲದ ಮೇಲೆ ಕೂತು ಆಡಿದ್ವಿ. ಈಗ ಹನ್ನೊಂದು ವರ್ಷ, ಪೂರ್ತಿ ವಾಕ್ಯ ಮಾತಾಡ್ತಾನೆ. ಇವತ್ತಿನ ಥೆರಪಿಯವರು ಎಲ್ಲದಕ್ಕೂ ಸ್ಕ್ರೀನ್ ಅಂತಾರೆ. ಒಂದು ಸಲ ಸ್ಕ್ರೀನ್ ಕೈಗೆ ಬಂತು ಅಂದ್ರೆ ಬಿಡಿಸೋದು ಯಾರು? ನಿಮ್ಮತ್ತೆ ಮಾತಲ್ಲೂ ಹುರುಳಿದೆ ಅನ್ಸುತ್ತೆ.

ಸ್ವರಪೆಟ್ಟಿಗೆ · ಮಂಗಳವಾರ, ಮಧ್ಯಾಹ್ನ 2:05

ನಾನು ವಾಕ್-ಶ್ರವಣ ತಜ್ಞೆ. ಈ ಪ್ರಶ್ನೆಯನ್ನು ಕೆಲಸದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಕೇಳುವವರು ಹೆಚ್ಚಿನ ಸಲ ಅಜ್ಜಿಯರೇ. ತಪ್ಪು ಪ್ರಶ್ನೆಯೇನಲ್ಲ. ಸಂಶೋಧಕರಿಗೂ ಇದೇ ಅನುಮಾನ ಇತ್ತು, ಅದಕ್ಕೇ ಪರೀಕ್ಷಿಸಿ ನೋಡಿದರು.

2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಎಂಬ ಮೂವರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿದರು. ಪುರಾವೆ ಗಟ್ಟಿಯಾಗಿ ಸಿಕ್ಕ 27 ಜನರಲ್ಲಿ ಒಬ್ಬರಿಗೂ ಇದ್ದ ಮಾತು ಕಡಿಮೆಯಾಗಿರಲಿಲ್ಲ. ಶೇ. 89ರಷ್ಟು ಜನರಿಗೆ ಮಾತು ಹೆಚ್ಚಾಗಿತ್ತು, ಉಳಿದವರಿಗೆ ಇದ್ದಷ್ಟೇ ಇತ್ತು. ಆದರೆ ಇದನ್ನು ಓದಿ ಹಿಗ್ಗಬೇಡಿ. ಹೆಚ್ಚಾಗಿದ್ದು ಬಹಳ ಜನರಿಗೆ ಅಷ್ಟಿಷ್ಟೇ, ಮತ್ತು 27 ಎನ್ನುವುದು ದೊಡ್ಡ ಸಂಖ್ಯೆಯಲ್ಲ. ಟ್ಯಾಬ್ ಕೊಟ್ಟರೆ ಬಾಯಿಮಾತು ಬಂದೇ ಬರುತ್ತದೆ ಎಂದು ನಿಮ್ಮ ಥೆರಪಿಸ್ಟ್ ಹೇಳಿದ್ದರೆ ಅವರು ಹೆಚ್ಚು ಹೇಳಿದ್ದಾರೆ. ಹೋಗುವುದಿಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

@ಕಾದುನೋಡಿ ಅವರಿಗೆ: ನಿಮ್ಮ ಮಗನಿಗೆ ಮಾತು ಬಂದದ್ದು ಬಹಳ ಸಂತೋಷ. ನೆಲದ ಮೇಲೆ ಕೂತು ಆಡಿದ್ದಂತೂ ಯಾವ ಮಗುವಿಗೂ ಒಳ್ಳೆಯದೇ. ಆದರೆ ಮಾತು ಬರುವ ತನಕ ಆ ಆರು ವರ್ಷ ಅವನು ಏನು ಹೇಳಬೇಕೆಂದಿದ್ದ? ಟ್ಯಾಬ್ ಬೇಕಾಗಿರುವುದು ಆ ಮಧ್ಯದ ಕಾಲಕ್ಕೆ. ಮಾತು ಬಂದರೆ ಪಕ್ಕಕ್ಕಿಡಿ, ಯಾರೂ ಕೇಳುವುದಿಲ್ಲ. ಸ್ಕ್ರೀನ್ ಭಯಕ್ಕೆ ಒಂದು ಸುಲಭ ಉಪಾಯ ಇದೆ. ಮಾತಿನ ಟ್ಯಾಬ್ ಬೇರೆ, ವೀಡಿಯೊ ನೋಡುವ ಟ್ಯಾಬ್ ಬೇರೆ ಇರಲಿ. ಒಂದೇ ಇದ್ದರೆ ಆ ಆ್ಯಪ್‌ನಿಂದ ಹೊರಗೆ ಹೋಗದಂತೆ ಲಾಕ್ ಮಾಡಿ.

ಟ್ಯಾಬ್ ಕೊಳ್ಳುವುದು ತಡವಾದರೆ ಚಿತ್ರದ ಕಾರ್ಡಿನಿಂದಲೂ ಶುರು ಮಾಡಬಹುದು. ಪೆಕ್ಸ್ ಎನ್ನುವ ಪದ್ಧತಿ 1985ರಿಂದ ಇದೆ, ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ್ದು. ಅದರ ಜಾಣತನ ಚಿತ್ರದಲ್ಲಿಲ್ಲ, ಮಗು ಆ ಕಾರ್ಡನ್ನು ಎತ್ತಿಕೊಂಡು ಬಂದು ಒಬ್ಬ ಮನುಷ್ಯನ ಕೈಗೆ ಕೊಡಬೇಕು ಎನ್ನುವುದರಲ್ಲಿದೆ. ಮಣಿಕಟ್ಟು ಎಳೆಯುವ ಮಗುವಿಗೆ ಅದು ದೊಡ್ಡ ದಾಟು.

ಹಿತ್ತಲಬಾಗಿಲು · ಮಂಗಳವಾರ, ರಾತ್ರಿ 10:20

ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನಿಮ್ಮ ಪೋಸ್ಟನ್ನ ನಮ್ಮೆಜಮಾನ್ರಿಗೆ ಓದಿ ಹೇಳಿದೆ. "ಕಳೆದುಕೊಳ್ಳೋದು ಏನೂ ಇಲ್ಲ ಅಂತಾಯ್ತು" ಅಂದ್ರು. ಅವರ ಬಾಯಲ್ಲಿ ಅದು ಹೂಂ ಅಂದ ಹಾಗೇ.

ಒಂದು ಡೌಟು. ಸೆಂಟರ್‌ನಲ್ಲಿ ಆ್ಯಪ್ ತೋರಿಸಿದಾಗ ಅವನು ಒತ್ತಲೇ ಇಲ್ಲ, ನಾನೇ ಅವನ ಬೆರಳು ಹಿಡಿದು ಒತ್ತಿಸಿದೆ. ಹಾಗೆ ಮಾಡಬಹುದಾ?

ಸ್ವರಪೆಟ್ಟಿಗೆ · ಬುಧವಾರ, ಬೆಳಿಗ್ಗೆ 8:15

ಒಂದೆರಡು ಸಲ ದಾರಿ ತೋರಿಸಲು ಹಿಡಿದರೆ ಪ್ರಮಾದವೇನಿಲ್ಲ, ಆದರೆ ಅಭ್ಯಾಸ ಮಾಡಿಕೊಳ್ಳಬೇಡಿ. ನೀವು ಹಿಡಿದು ಒತ್ತಿದರೆ ಅದು ನಿಮ್ಮ ಮಾತಾಗುತ್ತದೆ. ಕೈ ಹಿಡಿದು ಟೈಪ್ ಮಾಡಿಸುವ "ಫೆಸಿಲಿಟೇಟೆಡ್ ಕಮ್ಯುನಿಕೇಶನ್" ಎಂಬ ವಿಧಾನ ಒಂದು ಕಾಲಕ್ಕೆ ಭಾರಿ ಹೆಸರು ಮಾಡಿತ್ತು. 1990ರ ದಶಕದಲ್ಲಿ ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ಚಿತ್ರ ತೋರಿಸಿ ಪರೀಕ್ಷೆ ಮಾಡಿದಾಗ, ಪರದೆಯ ಮೇಲೆ ಬಂದದ್ದು ಹಿಡಿದವರು ನೋಡಿದ ಚಿತ್ರದ ಹೆಸರು. ಅವರು ಮೋಸಗಾರರಲ್ಲ ಪಾಪ, ತಾವೇ ಒತ್ತುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಇವತ್ತಿಗೂ ಹೊಸ ಹೆಸರಿನಲ್ಲಿ ಇದನ್ನು ಮಾರುವವರಿದ್ದಾರೆ, ಹುಷಾರು.

ನೀವು ಮಾಡಬೇಕಾದ್ದು ಇಷ್ಟೇ: ನೀವು ಮಾತಾಡುವಾಗ ನೀವೇ ಒತ್ತಿ. "ಹೊರಗೆ ಹೋಗೋಣ" ಎನ್ನುತ್ತಾ "ಹೊರಗೆ", "ಹೋಗು" ಒತ್ತಿ. ಅವನು ಒತ್ತಲಿ ಎಂದು ಮುಖ ನೋಡುತ್ತಾ ಕೂರಬೇಡಿ, ಪರೀಕ್ಷೆ ಮಾಡಬೇಡಿ. ಎಳೆಗೂಸಿನ ಜೊತೆ ವರ್ಷಗಟ್ಟಲೆ ಮಾತಾಡುತ್ತೇವಲ್ಲ, ಅದು ತಿರುಗಿ ಮಾತಾಡಲಿಲ್ಲವೆಂದು ನಿಲ್ಲಿಸುತ್ತೇವೆಯೇ? ತಿಂಗಳುಗಟ್ಟಲೆ ಆಗಬಹುದು.

ಚಿತ್ರಗಳ ಜಾಗ ಬದಲಾಯಿಸಬೇಡಿ. ನಾವು ಕೀಬೋರ್ಡ್ ನೋಡದೆ ಟೈಪ್ ಮಾಡುವ ಹಾಗೆ ಅವರ ಬೆರಳು ಜಾಗವನ್ನು ಕಲಿಯುತ್ತದೆ. ಮತ್ತೆ, ಬರೀ ತಿಂಡಿ ಆಟಿಕೆಗಳ ಪುಟ ಮಾಡಿಕೊಟ್ಟು ಕೂರಬೇಡಿ. ಬೇಡ, ಸಾಕು, ಮುಗೀತು, ನೋವು, ಹೋಗು, ಇನ್ನೊಂದ್ಸಲ — ಇವು ಮೊದಲ ದಿನದಿಂದ ಇರಲಿ. ಅವನು "ಬೇಡ" ಎಂದು ಒತ್ತಿದರೆ ಮೊದಮೊದಲು ಸಾಧ್ಯವಾದಷ್ಟು ಸಲ ಅದನ್ನು ಪಾಲಿಸಿ. ಪಾಲಿಸದಿದ್ದರೆ ಆ ಬಟನ್ ಅವನ ಮಟ್ಟಿಗೆ ಕೆಟ್ಟಿದೆ ಎಂದಾಗುತ್ತದೆ.

ಎರಡು ಜಡೆ · ಬುಧವಾರ, ಬೆಳಿಗ್ಗೆ 8:40

ಮೇಡಂ ಹೇಳಿದ ಪಟ್ಟಿ ನೋಡಿ ಒಂದು ನೆನಪಾಯ್ತು. ಇಂಗ್ಲಿಷ್‌ನಲ್ಲಿ ಮಾಡಿದ ಆ್ಯಪ್‌ನ ಕನ್ನಡಕ್ಕೆ ತಿರುಗಿಸಿದ್ರೆ ಏನೇನೋ ಆಗುತ್ತೆ. "ಐ ವಾಂಟ್" ಅನ್ನೋದಕ್ಕೆ "ನಾನು ಬೇಕು" ಅಂತ ಬರ್ತಿತ್ತು ನಮ್ಮದರಲ್ಲಿ! ಆದ್ರೆ ನಮ್ಮ ಬೇಕು, ಬೇಡ, ಸಾಕು ಇವೆಯಲ್ಲ, ಒಂದು ಚಿಕ್ಕ ಮಗುವಿಗೆ ಇದಕ್ಕಿಂತ ಅನುಕೂಲದ ಪದ ಇಲ್ಲ. ನಾನು ಅವನು ಅವಳು ಅಂತ ಬದಲಾಗಲ್ಲ, ನಿನ್ನೆ ನಾಳೆ ಇಲ್ಲ, ಒಂದೇ ಒಂದು ಪದಕ್ಕೆ ಇಡೀ ವಾಕ್ಯ ಮುಗೀತು. ನನ್ನ ಮಗಳು "ಅಪ್ಪ ಆಫೀಸ್ ಸಾಕು" ಅಂತ ಒತ್ತಿದ್ದಕ್ಕೆ ಅವರಪ್ಪ ಅವತ್ತು ರಜೆ ಹಾಕಿದ್ರು. "ಗೆ" ಇಲ್ಲ "ಅನ್ನು" ಇಲ್ಲ, ಏನು ಕಡಿಮೆ ಆಯ್ತು?

ಸೈಕಲ್‌ಬೆಲ್ · ಬುಧವಾರ, ರಾತ್ರಿ 9:55

ಅಕ್ಕಾರ, ನಮ್ಮ ಮನ್ಯಾಗೂ ಇದ ಕಥಿ ಆಗಿತ್ತರಿ. ನಮ್ಮ ಅವ್ವ ಆರು ತಿಂಗಳ ಆ ಟ್ಯಾಬ್ ಕಡಿ ಹೊಳ್ಳಿ ಸೈತ ನೋಡಿದ್ದಿಲ್ಲ. ಕಡೀಕ ಏನಾತು, ಒಂದಿನ ಹುಡುಗ "ಆಯಿ" ಅಂತ ಒತ್ತಿ ಒತ್ತಿ ಕರದ. ಅವತ್ತಿಂದ ನಮ್ಮವ್ವಗ ಟ್ಯಾಬ್ ಅಂದ್ರ ಜೀವ. ಚಾರ್ಜ್ ಇಲ್ಲಂದ್ರ ನನಗ ಬೈತಾಳ್ರಿ.

ನಾ ಒಂದ ಮಾತ ಹೇಳ್ತೇನಿ, ನಿಮ್ಮ ಯಜಮಾನ್ರಿಗೆ. ನಾನೂ ಹಂಗ "ನೋಡೂಣು ನೋಡೂಣು" ಅಂತಿದ್ದೆ. ಖರೆ ಹೇಳಬೇಕಂದ್ರ ನನಗ ಅಂಜಿಕಿ ಇತ್ತು. ಟ್ಯಾಬ್ ತೊಗೊಂಡ್ರ, ಇವಗ ಮಾತ ಬರೂದಿಲ್ಲ ಅಂತ ನಾನ ಸಹಿ ಮಾಡಿದಂಗ ಆಗ್ತದ ಅಂತ. ಗಂಡಸೂರು ಇದನ್ನ ಬಾಯಿಬಿಟ್ಟ ಹೇಳೂದಿಲ್ರಿ. ಥೆರಪಿಗೆ ಕರಕೊಂಡ ಹೋಗೂದು ಹೆಂಡ್ತಿ ಕೆಲಸ, ರೊಕ್ಕ ಕೊಡೂದು ನನ್ನ ಕೆಲಸ ಅಂತ ಆಫೀಸಿನ್ಯಾಗ ಕುಂತಬಿಡ್ತೇವಿ. ಒಂದ ದಿನ ಅವರನ್ನ ಒಬ್ಬರನ್ನ ಕಳಸ್ರಿ ಸೆಂಟರಿಗೆ, ನೀವು ಹೋಗಬ್ಯಾಡ್ರಿ. ನಾ ಹೋದ ದಿನ ಏನೇನ ಕಲ್ತೆ ಅಂದ್ರ, ನನ್ನ ಮಗಗ ಕಟಿಂಗ್ ಮಷಿನ್ನಿನ ಸಪ್ಪಳ ಆಗೂದಿಲ್ಲ, ಕತ್ತರಿ ಸಪ್ಪಳ ನಡೀತದ ಅಂತ ಮೊದಲನೇ ಸಲ ಗೊತ್ತಾತು. ಐದ ವರ್ಷ ನಾಕ ಮಂದಿ ಹಿಡಕೊಂಡ ಕಟಿಂಗ್ ಮಾಡಿಸಿದ್ವಿ ನಾವು. ಕತ್ತರೀಲೆ ಮಾಡ್ರಿ ಅಂದಿದ್ರ ಮುಗೀತಿತ್ತು.

ಹೊಸಬೆಳಕು77 · ಗುರುವಾರ, ಬೆಳಿಗ್ಗೆ 11:02

ಟ್ಯಾಬ್ ಗೀಬ್ ಎಲ್ಲ ಬಿಡಿ ಮೇಡಂ. ಮೂಲಕ್ಕೇ ಮದ್ದು ಮಾಡಿ. ಲಸಿಕೆ ಹಾಕಿಸಿದ್ದರಿಂದ ಮೆದುಳಿನಲ್ಲಿ ಸೇರಿದ ವಿಷ ತೆಗೆಯಬೇಕು, ಆಮೇಲೆ ಸ್ಟೆಮ್ ಸೆಲ್ ಕೊಡಿಸಬೇಕು. ನನ್ನ ಪರಿಚಯದವರೊಬ್ಬರ ಮಗು ಮೂರೇ ತಿಂಗಳಲ್ಲಿ ಮಾತಾಡಿತು. ನಂಬರ್ ಬೇಕಿದ್ದರೆ ಮೆಸೇಜ್ ಮಾಡಿ.

ನಿರ್ವಾಹಕಿ · ಗುರುವಾರ, ಬೆಳಿಗ್ಗೆ 11:40

ಯಾರೂ ಮೆಸೇಜ್ ಮಾಡಬೇಡಿ. ಪೋಸ್ಟ್ ಅಳಿಸಬಹುದಿತ್ತು, ಆದರೆ ಹೊಸದಾಗಿ ಬಂದವರಿಗೆ ಉತ್ತರವೂ ಸಿಗಲಿ ಎಂದು ಉಳಿಸಿದ್ದೇನೆ.

ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಕಥೆ ಶುರುವಾದದ್ದು 1998ರಲ್ಲಿ, ಆ್ಯಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಬರೀ 12 ಮಕ್ಕಳನ್ನು ಇಟ್ಟುಕೊಂಡು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು, ಅದೇ ವರ್ಷ ಆತ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದಲೂ ಹೊರಬಿದ್ದ. ಆಮೇಲೆ ಲಕ್ಷಗಟ್ಟಲೆ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ ನಂಟು ಸಿಕ್ಕಿಲ್ಲ. "ವಿಷ ತೆಗೆಯುವ" ಕೀಲೇಶನ್ ಚಿಕಿತ್ಸೆಯಲ್ಲಿ ಮಕ್ಕಳ ಪ್ರಾಣವೇ ಹೋಗಿರುವುದುಂಟು. ಆಟಿಸಂಗೆ ಸ್ಟೆಮ್ ಸೆಲ್ ಕೆಲಸ ಮಾಡುತ್ತದೆ ಎಂಬುದು ಸಾಬೀತಾಗಿಲ್ಲ.

ಮತ್ತೊಂದು ಮಾತು, ಇದು ಕೆಲವರಿಗಾದರೂ ಬೇಕಾಗಬಹುದು. ಒಂದು ಕಾಲದಲ್ಲಿ ವೈದ್ಯರೇ ಆಟಿಸಂಗೆ ತಾಯಿಯ ತಣ್ಣನೆ ಮನಸ್ಸು ಕಾರಣ ಎಂದು ಹೇಳುತ್ತಿದ್ದರು. "ರೆಫ್ರಿಜರೇಟರ್ ಮದರ್" ಎಂದೇ ಅದಕ್ಕೆ ಹೆಸರು. 1964ರಲ್ಲಿ ಅದನ್ನು ಗಟ್ಟಿಯಾಗಿ ಅಲ್ಲಗಳೆದ ಬರ್ನಾರ್ಡ್ ರಿಮ್‌ಲ್ಯಾಂಡ್ ಮನಶ್ಶಾಸ್ತ್ರಜ್ಞ, ಅದಕ್ಕಿಂತ ಹೆಚ್ಚಾಗಿ ಆಟಿಸಂ ಇದ್ದ ಒಬ್ಬ ಹುಡುಗನ ಅಪ್ಪ. ವಿಪರ್ಯಾಸ ನೋಡಿ, ಮುಂದೆ ಅವರೇ ಲಸಿಕೆಯ ಮೇಲೆ ಅನುಮಾನಪಟ್ಟವರ ಸಾಲಿಗೆ ಸೇರಿದರು. ಅಪ್ಪ ಅಮ್ಮಂದಿರ ಆತುರ ಎಂಥವರನ್ನೂ ಎಲ್ಲಿಗೆ ಬೇಕಾದರೂ ಕರೆದೊಯ್ಯುತ್ತದೆ.

ಹಿತ್ತಲಬಾಗಿಲು · ಗುರುವಾರ, ಮಧ್ಯಾಹ್ನ 1:15

ಸುಳ್ಳು ಯಾಕೆ ಹೇಳ್ಲಿ, ಎರಡು ವರ್ಷದ ಹಿಂದೆ ಆಗಿದ್ರೆ ನಂಬರ್ ತಗೊಂಡಿರ್ತಿದ್ದೆ.

ಗಿಣಿಮರಿ · ಗುರುವಾರ, ರಾತ್ರಿ 10:33

ನಾನೂ ಸೇರ್ಕೊಳ್ಲಾ? ನಮ್ಮದು ಇದರ ಉಲ್ಟಾ. ಮಗ ಬೆಳಿಗ್ಗೆಯಿಂದ ರಾತ್ರಿ ತನಕ ಮಾತಾಡ್ತಾನೆ, ಆದ್ರೆ ಎಲ್ಲಾ ನಮ್ಮದೇ ಮಾತು, ನಮ್ಮದೇ ರಾಗ. ಅವನಿಗೆ ಬಾಯಾರಿದ್ರೆ ನನ್ನತ್ರ ಬಂದು "ನಿಂಗೆ ನೀರು ಬೇಕಾ?" ಅಂತಾನೆ. ಹೊಸಬರು "ಅಯ್ಯೋ ಎಷ್ಟು ಒಳ್ಳೆ ಮಗು, ಬಂದವರನ್ನ ವಿಚಾರಿಸ್ಕೊಳ್ಳುತ್ತೆ" ಅಂತಾರೆ, ನಾನು ಲೋಟ ಅವನ ಕೈಗೇ ಕೊಡ್ತೀನಿ. ಎಕೋಲೇಲಿಯಾ ಅಂತಾರಂತೆ ಇದಕ್ಕೆ.

ಮುಂಚೆ ಇದನ್ನ ನಿಲ್ಲಿಸ್ಬೇಕು ಅಂತ ತುಂಬಾ ಒದ್ದಾಡಿದೆ. "ನಂಗೆ ನೀರು ಬೇಕು ಅನ್ನು" ಅಂದ್ರೆ "ನಂಗೆ ನೀರು ಬೇಕು ಅನ್ನು" ಅಂತಿದ್ದ, "ಅನ್ನು" ಸಮೇತ.

ಅವನು ಬಿದ್ದಾಗೆಲ್ಲ ನಾನು ಹೇಳೋದು "ಬಿದ್ಯಾ? ಏನಾಗಲ್ಲ, ಏಳು" ಅಂತ. ಈಗ ಅವನಿಗೆ ನೋವಾದ್ರೆ ಅವನೇ ಅದನ್ನ ಹೇಳ್ಕೋತಾನೆ. ಹೋದ ತಿಂಗಳು ಒಂದು ಫೋನ್ ಬಂತು, ಅದನ್ನ ಇಟ್ಟು ಅಡುಗೆಮನೆ ನೆಲದ ಮೇಲೆ ಕೂತು ಅಳ್ತಿದ್ದೆ. ಬಂದ. ಸ್ವಲ್ಪ ಹೊತ್ತು ನಿಂತ, ನನ್ನ ಮುಖ ನೋಡಲಿಲ್ಲ, ಪಕ್ಕದ ಗೋಡೆ ನೋಡ್ಕೊಂಡು "ಬಿದ್ಯಾ? ಏನಾಗಲ್ಲ, ಏಳು" ಅಂದ. ನನ್ನದೇ ರಾಗ. ಆಮೇಲೆ ಹೋಗಿ ತನ್ನ ಕಾರುಗಳನ್ನ ಸಾಲಿಗೆ ಇಡೋಕೆ ಕೂತ.

ಸ್ವರಪೆಟ್ಟಿಗೆ · ಗುರುವಾರ, ರಾತ್ರಿ 11:20

@ಗಿಣಿಮರಿ, 1943ರಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 11 ಮಕ್ಕಳ ಬಗ್ಗೆ ಬರೆದರಲ್ಲ, ಆಟಿಸಂ ಕುರಿತ ಆ ಮೊದಲ ಲೇಖನದಲ್ಲೇ ಈ ನಾನು-ನೀನು ಅದಲುಬದಲು ಇದೆ. ಬಹಳ ಕಾಲ ಅದನ್ನು ಅರ್ಥವಿಲ್ಲದ ಗಿಣಿಪಾಠ ಎಂದುಕೊಂಡಿದ್ದರು. 1980ರ ದಶಕದಲ್ಲಿ ಬ್ಯಾರಿ ಪ್ರಿಜಾಂಟ್ ಮುಂತಾದ ಸಂಶೋಧಕರು ಕೂತು ಗಮನಿಸಿದ ಮೇಲೆ, ಅದರಲ್ಲಿ ಕೇಳುವುದು, ಒಪ್ಪುವುದು, ಬೇಡವೆನ್ನುವುದು, ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವುದು ಎಲ್ಲ ಇದೆ ಎಂದು ಗೊತ್ತಾಯಿತು. ಅಮ್ಮಂದಿರಿಗೆ ಮೊದಲೇ ಗೊತ್ತಿತ್ತು ಬಿಡಿ. ಪ್ರಶ್ನೆ ಕೇಳುವ ಬದಲು ಅವನ ಪರವಾಗಿ ನೀವೇ "ನಂಗೆ ನೀರು ಬೇಕು" ಎಂದು ಹೇಳಿ ಲೋಟ ಕೊಡಿ. "ಅನ್ನು" ಬೇಡ.

ಮೂಲೆಸೀಟು · ಶುಕ್ರವಾರ, ನಸುಕು 3:07

ನಾನು ಅಪ್ಪನೂ ಅಲ್ಲ, ಥೆರಪಿಸ್ಟೂ ಅಲ್ಲ. ನನಗೇ ಆಟಿಸಂ ಇದೆ, ವಯಸ್ಸು ಮೂವತ್ತು ದಾಟಿದೆ. ಮಾತಾಡುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಆದರೆ ಗದ್ದಲ ಜಾಸ್ತಿಯಾದರೆ ಮಾತು ನಿಂತುಹೋಗುತ್ತದೆ. ಹಟವಲ್ಲ. ಹೇಳಬೇಕಾದ್ದು ತಲೆಯಲ್ಲಿ ಪೂರ್ತಿ ಇರುತ್ತದೆ, ಬಾಯಿಗೆ ಇಳಿಯುವುದಿಲ್ಲ. ಆಗ ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತೇನೆ. ಆಫೀಸಿನವರು ಮೊದಲು ವಿಚಿತ್ರವಾಗಿ ನೋಡಿದರು, ಈಗ ರೂಢಿಯಾಗಿದೆ.

ನಿಮ್ಮಲ್ಲಿ ಒಂದು ವಿಷಯಕ್ಕೆ ಜಗಳವಾಡಬೇಕೆನಿಸುತ್ತದೆ. ಎಲ್ಲರೂ "ಮಾತು ಬರುತ್ತದೋ ಇಲ್ಲವೋ" ಎಂದೇ ಕೇಳುತ್ತಿದ್ದೀರಿ, ಕಿವಿ ನೋಯುತ್ತಿದೆ ಎಂದು ಆ ಹುಡುಗ ತಲೆ ಚಚ್ಚಿಕೊಂಡು ಹೇಳಿದ್ದು ಮೂರನೇ ದಿನಕ್ಕಾದರೂ ಗೊತ್ತಾಗಬೇಕಿತ್ತಲ್ಲ, ಅದು ಕೊನೆಗೆ ಬರುತ್ತಿದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1985ರಲ್ಲಿ ಗಂಟಲ ಶಸ್ತ್ರಚಿಕಿತ್ಸೆಯಾಗಿ ಮಾತು ಪೂರ್ತಿ ಹೋಯಿತು, ಆಮೇಲೆ ಯಂತ್ರದ ಮಾತೇ. ಯಾರಾದರೂ "ಪಾಪ, ಯಂತ್ರಕ್ಕೆ ಅಂಟಿಕೊಂಡಿದ್ದಾರೆ, ಬಿಡಿಸಿ" ಎಂದರೇ? ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯಲ್ಲಿ "ಸಂವಹನ" ಎಂದರೇನು ಎಂದು ಬರೆದಿದ್ದಾರೆ. ಬ್ರೈಲ್, ಸನ್ನೆ, ಇಂಥ ಪರ್ಯಾಯ ಸಾಧನಗಳು ಎಲ್ಲ ಅದರಲ್ಲಿವೆ. ಬಾಯಿಗೆ ಅಲ್ಲಿ ಮೇಲ್ದರ್ಜೆ ಕೊಟ್ಟಿಲ್ಲ.

ಇನ್ನೊಂದು. ಅವನು ಟ್ಯಾಬ್ ಅನ್ನು ಒಂದೇ ಸಮನೆ ಟಕಟಕ ಒತ್ತಿ ಆಟವಾಡುತ್ತಾನೆ, ತಲೆನೋವು ಬರುತ್ತದೆ. ಆಗ ಕಿತ್ತುಕೊಳ್ಳಬೇಡಿ. ಮಾತಾಡುವ ಮಗು ಗಲಾಟೆ ಮಾಡಿದರೆ ನಾಲಿಗೆ ತೆಗೆದು ಮೇಲಿಡುವುದಿಲ್ಲವಲ್ಲ.

ಕಾದುನೋಡಿ · ಶುಕ್ರವಾರ, ಬೆಳಿಗ್ಗೆ 9:50

ಮೂಲೆಸೀಟು ಅವರೇ, ಓದಿದೆ. ಹಾಕಿಂಗ್ ಅವರಿಗೂ ಏಳು ವರ್ಷದ ಮಗುವಿಗೂ ಹೋಲಿಕೆ ಸರಿಯಲ್ಲ, ಅವರಿಗೆ ಭಾಷೆ ಮೊದಲೇ ಇತ್ತು. ಆದ್ರೆ ಒಂದು ಒಪ್ತೀನಿ. ರಾತ್ರಿ ನನ್ನ ಮಗನ್ನ ಕೇಳಿದೆ, ಮಾತು ಬರೋಕೆ ಮುಂಚೆ ಏನಾದ್ರೂ ನೆನಪಿದೆಯಾ ಅಂತ. "ನೀಲಿ ಶರ್ಟ್ ಚುಚ್ಚುತ್ತಿತ್ತು" ಅಂದ. ಆ ಶರ್ಟು ನಾನೇ ಇಷ್ಟಪಟ್ಟು ತಂದಿದ್ದು. ವಾರಕ್ಕೆರಡು ಸಲ ಹಾಕಿಸ್ತಿದ್ದೆ.

ಮಾರ್ಚ್21 · ಶುಕ್ರವಾರ, ಸಂಜೆ 6:30

ನನ್ನ ಹೆಸರು ನೋಡಿ ಗೊತ್ತಾಗಿರಬೇಕು, ಮಗಳಿಗೆ ಡೌನ್ ಸಿಂಡ್ರೋಮ್. 21ನೇ ಕ್ರೋಮೋಸೋಮ್ ಮೂರು ಇರುತ್ತವೆ, ಅದಕ್ಕೇ ಮೂರನೇ ತಿಂಗಳ 21. ನಮ್ಮ ಕಡೆ ತಲೆನೋವುಗಳು ಬೇರೆ: ಹುಟ್ಟಿದ ತಕ್ಷಣ ಹೃದಯದ ಪರೀಕ್ಷೆ (ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಇವಳಿಗೂ ಇತ್ತು), ಆಮೇಲೆ ವರ್ಷ ವರ್ಷ ಥೈರಾಯ್ಡ್, ಕಿವಿ, ಕಣ್ಣು. ಆ ಫೈಲು ಈಗ ಅವಳಿಗಿಂತ ದಪ್ಪ ಇದೆ.

ಮಾತು ತಡವಾಗುತ್ತೆ ಅಂತ ನಮಗೆ ಕೈಸನ್ನೆ ಕಲಿಸಿದ್ರು. ಅವಳ ಮೊದಲ "ಮಾತು" ಎರಡೂ ಕೈ ಬೆರಳ ತುದಿ ಒಂದಕ್ಕೊಂದು ತಾಗಿಸೋದು, "ಇನ್ನೂ ಬೇಕು". ಒಂದೂವರೆ ವರ್ಷಕ್ಕೆ. ಬಾಯಿಮಾತು ಬಂದ ಮೇಲೆ ಸನ್ನೆ ತಾನಾಗೇ ಉದುರಿಹೋಯ್ತು, ಅಂಬೆಗಾಲು ಬಿಟ್ಟು ನಡೆದ ಹಾಗೆ. ನಡಿಯೋಕೆ ಶುರು ಮಾಡಿದ್ದು ಎರಡು ವರ್ಷ ನಾಲ್ಕು ತಿಂಗಳಿಗೆ. ಸ್ನಾಯು ಮೆತ್ತಗಿರುತ್ತೆ ಇವರಿಗೆ. ದೊಡ್ಡ ಮಗ ಯಾವಾಗ ನಡೆದ ಅಂತ ಕೇಳಿದ್ರೆ ನಂಗೆ ನೆನಪೇ ಇಲ್ಲ, ಇವಳದ್ದು ತಾರೀಕು, ವಾರ, ಅವತ್ತು ಹಾಕಿದ್ದ ಫ್ರಾಕು ಎಲ್ಲ ನೆನಪಿದೆ.

ಹಾಗಂತ ಬರೆದ ಮೇಲೆ ಹೊಳೀತು, ದೊಡ್ಡವನದ್ದು ನೆನಪಿಲ್ಲ ಅನ್ನೋದು ಅವನಿಗೆ ಗೊತ್ತಾದ್ರೆ ಹೇಗಿರುತ್ತೆ.

ದೊಡ್ಡವಳು · ಶುಕ್ರವಾರ, ರಾತ್ರಿ 10:02

ಸರ್, ಗೊತ್ತಾಗುತ್ತೆ. ನಾನು ಅಂಥ ದೊಡ್ಡವಳು. ತಮ್ಮನಿಗೆ ಫಿಟ್ಸ್ ಮತ್ತು ಬುದ್ಧಿಮಾಂದ್ಯ ಎರಡೂ ಇದೆ, ಈಗ ಹತ್ತೊಂಬತ್ತು ವರ್ಷ. ಫಿಟ್ಸ್ ಬಂದ್ರೆ ಪಕ್ಕಕ್ಕೆ ತಿರುಗಿಸಿ ಮಲಗಿಸ್ಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ, ಇದನ್ನೆಲ್ಲ ನಾನು ಮಗ್ಗಿಗಿಂತ ಮೊದಲು ಕಲಿತೆ.

ಅವನ ಮೇಲೆ ಕೋಪ ಇಲ್ಲ. ಆದ್ರೆ ನಂಗೆ ಜ್ವರ ಬಂದಾಗ್ಲೂ "ನೀನು ಜಾಣೆ, ಅಡ್ಜಸ್ಟ್ ಮಾಡ್ಕೊ" ಅಂತಿದ್ರಲ್ಲ, ಜಾಣೆ ಅನ್ನೋ ಪದ ಕೇಳಿದ್ರೆ ಈಗ್ಲೂ ಮೈ ಉರಿಯುತ್ತೆ. ಒಂದು ಸಲ ಅಪ್ಪ ನನ್ನೊಬ್ಬಳನ್ನೇ ಸ್ಕೂಟರ್‌ನಲ್ಲಿ ಕೂರಿಸ್ಕೊಂಡು ಸುಮ್ನೆ ಒಂದು ರೌಂಡ್ ಹೋಗಿದ್ರು, ಏನೂ ಕೊಡಿಸ್ಲಿಲ್ಲ, ಏನೂ ಮಾತಾಡ್ಲಿಲ್ಲ. ಇಪ್ಪತ್ತು ನಿಮಿಷ ಇರಬಹುದು. ಅಷ್ಟು ಮಾಡಿ ಸಾಕು ನಿಮ್ಮ ಮಗನಿಗೆ. ಯಾಕೆ ಅಂತ ಅವನು ಕೇಳಲ್ಲ, ನೀವೂ ವಿವರಿಸೋಕೆ ಹೋಗ್ಬೇಡಿ.

ಮಾರ್ಚ್21 · ಶುಕ್ರವಾರ, ರಾತ್ರಿ 10:15

ನಾಳೆ ಶನಿವಾರ. ಆಯ್ತಮ್ಮ.

ಹಿತ್ತಲಬಾಗಿಲು · ಮೂರು ತಿಂಗಳ ನಂತರ, ಭಾನುವಾರ, ಸಂಜೆ 5:20

ಎಲ್ಲರೂ ಮರ್ತಿರ್ತೀರಿ. ನಾನೇ ಈ ಚರ್ಚೆ ಮೇಲೆತ್ತುತ್ತಿದ್ದೀನಿ.

ಟ್ಯಾಬ್ ತಗೊಂಡ್ವಿ. ಮೊದಲ ಐದು ವಾರ ಏನೂ ಇಲ್ಲ. ನಾನು ಒತ್ತೋದು, ಒತ್ತೋದು, ಅವನು ಫ್ಯಾನ್ ನೋಡೋದು. ಆರನೇ ವಾರ ಒಂದೇ ಒಂದು ಬಟನ್ ಹಿಡ್ಕೊಂಡ: "ಫ್ಯಾನ್". ದಿನಕ್ಕೆ ಇನ್ನೂರು ಸಲ. ಫ್ಯಾನ್ ಹಾಕು, ಫ್ಯಾನ್ ಆರಿಸು. ನಾನು ಸ್ವಿಚ್ ಬೋರ್ಡ್ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ತರಕಾರಿ ಹೆಚ್ತಿದ್ದೆ. ಕಿತ್ಕೊಳ್ಳಲಿಲ್ಲ, ಮೂಲೆಸೀಟು ಅವರೇ. ಕೈ ಕಚ್ಚೋದು ಪೂರ್ತಿ ನಿಂತಿಲ್ಲ, ಆದ್ರೆ ಗಂಟು ಸ್ವಲ್ಪ ಮೆತ್ತಗಾಗಿದೆ.

ಥೆರಪಿ ಸೆಂಟರ್‌ಗೆ ಸೈಕಲ್‌ಬೆಲ್ ಅವರು ಹೇಳಿದ ಹಾಗೆ ಇವರನ್ನೊಬ್ಬರನ್ನೇ ಕಳಿಸಿದೆ. ಅವತ್ತು ಇಪ್ಪತ್ತು ನಿಮಿಷಕ್ಕೇ ಅವನು "ಮುಗೀತು" "ಮನೆ" ಅಂತ ಒತ್ತಿದ್ನಂತೆ. ಮೊದಲ ಎರಡು ಪದದ ವಾಕ್ಯ, ನಾನು ಅಲ್ಲಿರಲಿಲ್ಲ! ಇವರು ಮನೆಗೆ ಬಂದು ಶೂ ಕೂಡ ಬಿಚ್ಚದೆ ಅದನ್ನೇ ಹೇಳ್ತಿದ್ರು. ಹೊಟ್ಟೆಕಿಚ್ಚಾಯ್ತು ನಂಗೆ.

"ನೋವು" ಅನ್ನೋದನ್ನ ಇನ್ನೂ ಅವನಾಗಿ ಒತ್ತಿಲ್ಲ. ಅವನಿಗೆ ಏನಾದ್ರೂ ತಾಗಿದಾಗೆಲ್ಲ ನಾನು ಒತ್ತಿ ತೋರಿಸ್ತೀನಿ. ನನಗೆ ತಾಗಿದ್ರೂ ಒತ್ತುತ್ತೀನಿ. ಕಾಯ್ತಿದೀನಿ.

ಈಗ ಅತ್ತೆ. ಮೂರು ತಿಂಗಳು ಆ ಕಡೆ ತಿರುಗಿ ನೋಡಿರಲಿಲ್ಲ. ನಿನ್ನೆ ಅವನು ದಿನಾ ಕೂರೋ ಜಾಗದಲ್ಲಿ, ಫ್ಯಾನ್ ಕೆಳಗೆ, ಅತ್ತೆ ಕೂತಿದ್ರು. ಬಂದ, ನೋಡಿದ, ಟ್ಯಾಬ್ ತಂದ. "ಅಜ್ಜಿ." ಅತ್ತೆ ಮುಖ ಅರಳ್ತು. "ಹೋಗು."

ನಾನು ಅಡುಗೆಮನೇಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಅತ್ತೆ ಕೂಗಿದ್ರು: "ಲೇ ಇವಳೇ, ಬಾ ಇಲ್ಲಿ. ಇದ್ರಲ್ಲಿ 'ಹೋಗಲ್ಲ' ಅನ್ನೋದು ಎಲ್ಲಿದೆ ತೋರಿಸು."

ಇಲ್ಲ ಅದು! "ಹೋಗು" ಇದೆ, "ಇಲ್ಲ" ಇದೆ, "ಹೋಗಲ್ಲ" ಇಲ್ಲ. ಮೇಡಂ, ಸೇರಿಸೋದು ಹೇಗೆ?

ಸ್ವರಪೆಟ್ಟಿಗೆ · ಭಾನುವಾರ, ಸಂಜೆ 6:02

ಎಡಿಟ್‌ಗೆ ಹೋಗಿ ಖಾಲಿ ಚೌಕದಲ್ಲಿ ಹೊಸ ಬಟನ್ ಮಾಡಿ. ಇರುವವುಗಳ ಜಾಗ ಕದಲಿಸಬೇಡಿ. ಯಂತ್ರದ ದನಿ ಬೇಡ, ರೆಕಾರ್ಡ್ ಮಾಡುವ ಅವಕಾಶ ಇರುತ್ತದೆ, ಅಜ್ಜಿಯ ದನಿಯಲ್ಲೇ ಇರಲಿ.

ಸೈಕಲ್‌ಬೆಲ್ · ಭಾನುವಾರ, ಸಂಜೆ 6:40

ನಾ ಹೇಳಿದ್ದಿಲ್ರ್ಯಾ ಅಕ್ಕಾರ? ಇನ್ನ ಚಾರ್ಜರ್ ಎರಡ ತಂದ ಇಡ್ರಿ.

ಹಿತ್ತಲಬಾಗಿಲು · ಸೋಮವಾರ, ಬೆಳಿಗ್ಗೆ 5:51

ರೆಕಾರ್ಡ್ ಮಾಡಿದ್ವಿ. ಅತ್ತೆಗೆ ಮೈಕ್ ಅಂದ್ರೆ ದೂರದವರಿಗೆ ಕೇಳಿಸೋ ಹಾಗೆ ಕೂಗಬೇಕು ಅಂತ. ಮೂರು ಸಲ ಮಾಡಿಸಿದ್ರೂ ಕೂಗಿಯೇ ಹೇಳಿದ್ರು, ಕೊನೆಗೆ ಹಾಗೇ ಬಿಟ್ವಿ. ಅವನಿಗೆ ಅದು ಎಷ್ಟು ಹಿಡಿಸಿದೆ ಅಂದ್ರೆ ಇವತ್ತು ಐದು ಗಂಟೆಗೇ ಎದ್ದು ಒಂದೇ ಸಮ ಒತ್ತುತ್ತಿದ್ದಾನೆ. ಮನೆ ತುಂಬಾ ಅತ್ತೆ "ಹೋಗಲ್ಲಾ! ಹೋಗಲ್ಲಾ!" ಅಂತಿದ್ದಾರೆ, ನಿಜವಾದ ಅತ್ತೆ ಇನ್ನೂ ಮಲಗಿದ್ದಾರೆ.

ಆ ಒಂದು ಬಟನ್ ದನಿ ಮಾತ್ರ ಕಡಿಮೆ ಮಾಡೋಕೆ ಬರುತ್ತಾ, ಯಾರಿಗಾದ್ರೂ ಗೊತ್ತಾ?